ಕ್ಯಾಟಲೋನಿಯಾದ ಜಗಳ, ಕರಾವಳಿಯ ಕಣ್ಣಲ್ಲಿ

ಬ್ಯಾಂಕಿನ ಕೇಂದ್ರ ಕಚೇರಿ ಊರು ಬಿಟ್ಟು ಹೋದರೆ ಜನರ ಮನಸ್ಸಿಗೆ ಏನಾಗುತ್ತದೆ ಎಂದು ಮಂಗಳೂರು, ಉಡುಪಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಏಪ್ರಿಲ್ 1ರಂದು ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. ವಿಜಯಾ ಬ್ಯಾಂಕ್ ಅದಕ್ಕೂ ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡಾದ ಪಾಲಾಗಿತ್ತು. ಮಂಗಳೂರಿನ ಪಾಂಡೇಶ್ವರದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಕಟ್ಟಡ ಇದ್ದಲ್ಲೇ ಇದೆ, ತೀರ್ಮಾನಗಳು ಮಾತ್ರ ಮುಂಬೈಯಲ್ಲಿ ಆಗುತ್ತವೆ. 2017ರ ಅಕ್ಟೋಬರ್ ಮೊದಲ ವಾರದಲ್ಲಿ ಸ್ಪೇನಿನ ಕ್ಯಾಟಲೋನಿಯಾದವರಿಗೂ ಇದೇ ಕಳವಳ ತಟ್ಟಿತು. ಅಲ್ಲಿನ ಕಾರಣ ಬೇರೆ. ಸ್ವತಂತ್ರ ದೇಶದ ಘೋಷಣೆ ಇನ್ನೇನು ಆಗಿಬಿಡುತ್ತದೆ, ಆದ ಕೂಡಲೇ ಯುರೋಪಿಯನ್ ಒಕ್ಕೂಟದ ಹೊರಗೆ ಬೀಳುತ್ತೇವೆ, ಠೇವಣಿದಾರರು ದುಡ್ಡು ತೆಗೆಯಲು ಸಾಲು ನಿಲ್ಲುತ್ತಾರೆ ಎಂಬ ಭಯದಲ್ಲಿ ಕೈಷಾಬ್ಯಾಂಕ್ ವೆಲೆನ್ಸಿಯಾಕ್ಕೂ ಸಬಾಡೆಲ್ ಬ್ಯಾಂಕ್ ಅಲಿಕಾಂಟೆಗೂ ತಮ್ಮ ನೋಂದಾಯಿತ ಕಚೇರಿಗಳನ್ನು ಸಾಗಿಸಿದವು. ಹಾಗೆ ಹೋಗುವುದು ಸುಲಭವಾಗಲೆಂದು ಮ್ಯಾಡ್ರಿಡ್ ಸರ್ಕಾರ ತರಾತುರಿಯಲ್ಲಿ ಒಂದು ಸುಗ್ರೀವಾಜ್ಞೆಯನ್ನೂ ಹೊರಡಿಸಿತು. ಬಳಿಕ ಸಾವಿರಾರು ಕಂಪನಿಗಳು ಅದೇ ದಾರಿ ಹಿಡಿದವು.

ಸುಮಾರು 80 ಲಕ್ಷ ಜನರ, ಸ್ಪೇನಿನ ಒಟ್ಟು ಉತ್ಪನ್ನದಲ್ಲಿ ಐದನೇ ಒಂದರಷ್ಟು ಪಾಲಿರುವ ಒಂದು ಶ್ರೀಮಂತ ಪ್ರಾಂತ ಅಂಥ ಪರಿಸ್ಥಿತಿಗೆ ಬಂದದ್ದು ಹೇಗೆ? ‘ಕೆಲವು ತಲೆಕೆಟ್ಟ ಪ್ರತ್ಯೇಕತಾವಾದಿಗಳು’ ಎಂಬುದು ಮ್ಯಾಡ್ರಿಡ್ಡಿನ ಬಲಪಂಥೀಯರ ಉತ್ತರ. ‘ಮುನ್ನೂರು ವರ್ಷಗಳ ದಬ್ಬಾಳಿಕೆ’ ಎಂಬುದು ಪ್ರಾಂತದ ರಾಜಧಾನಿ ಬಾರ್ಸಿಲೋನಾದ ಕಟ್ಟಾ ಹೋರಾಟಗಾರರ ಉತ್ತರ. ಎರಡೂ ಪೂರ್ತಿ ನಿಜವಲ್ಲ. ನನ್ನ ಮಟ್ಟಿಗೆ ಈ ಬಿಕ್ಕಟ್ಟು ಹುಟ್ಟಿದ್ದು 2010ರಲ್ಲಿ, ಎಲ್ಲರೂ ಕೂತು ಮಾತಾಡಿ ಒಪ್ಪಿಕೊಂಡಿದ್ದ ಒಂದು ನಡುದಾರಿಯನ್ನು ನ್ಯಾಯಾಲಯ ಕತ್ತರಿಸಿದಾಗ. ಅದು ತಣ್ಣಗಾದದ್ದು ಲಾಠಿಯಿಂದಲೋ ಜೈಲಿನಿಂದಲೋ ಅಲ್ಲ, ಕ್ಷಮಾದಾನದಿಂದ.

ಹಳೆಯ ಚರಿತ್ರೆಯನ್ನು ಬೇಗ ದಾಟೋಣ. 1714ರ ಸೆಪ್ಟೆಂಬರ್ 11ರಂದು ಬಾರ್ಸಿಲೋನಾ ಸ್ಪೇನಿನ ರಾಜ ಐದನೇ ಫಿಲಿಪ್‌ನ ಸೈನ್ಯಕ್ಕೆ ಶರಣಾಯಿತು, ಕ್ಯಾಟಲೋನಿಯಾದ ಸ್ವಂತ ಕಾನೂನು, ಸಂಸ್ಥೆಗಳು ರದ್ದಾದವು. ಆ ಸೋಲಿನ ದಿನವೇ ಈಗ ಅವರ ನಾಡಹಬ್ಬ. 1930ರ ದಶಕದ ಗಣರಾಜ್ಯದಲ್ಲಿ ಸ್ವಾಯತ್ತತೆ ಸಿಕ್ಕಿತು, ಅಂತರ್ಯುದ್ಧದಲ್ಲಿ ಹೋಯಿತು. ಪ್ರಾಂತದ ಅಧ್ಯಕ್ಷರಾಗಿದ್ದ ಯೂಯಿಸ್ ಕೊಂಪಾನಿಸ್ ಅವರನ್ನು ನಾಜಿಗಳು ಫ್ರಾನ್ಸಿನಲ್ಲಿ ಹಿಡಿದು ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊಗೆ ಒಪ್ಪಿಸಿದರು. 1940ರ ಅಕ್ಟೋಬರ್ 15ರಂದು ಮೊಂಜುಯಿಕ್ ಕೋಟೆಯಲ್ಲಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಫ್ರಾಂಕೊ ಕಾಲದಲ್ಲಿ ಕ್ಯಾಟಲನ್ ಭಾಷೆಗೆ ಶಾಲೆಯಲ್ಲಿ, ಸರ್ಕಾರಿ ಕಚೇರಿಯಲ್ಲಿ ಜಾಗವಿರಲಿಲ್ಲ. ಇಷ್ಟೆಲ್ಲ ಗಾಯವಿದ್ದೂ 1978ರ ಹೊಸ ಸಂವಿಧಾನಕ್ಕೆ ಕ್ಯಾಟಲೋನಿಯಾದಲ್ಲಿ ಮತ ಹಾಕಿದವರಲ್ಲಿ ಶೇ 90ರಷ್ಟು ಮಂದಿ ಒಪ್ಪಿಗೆ ಕೊಟ್ಟರು. ಅದೇ ಸಂವಿಧಾನದ 2ನೇ ವಿಧಿ ಸ್ಪೇನ್ ಒಡೆಯಲಾಗದ ದೇಶ ಎನ್ನುತ್ತದೆ, ಅದೇ ಉಸಿರಿನಲ್ಲಿ ಅದರೊಳಗಿನ ‘ರಾಷ್ಟ್ರೀಯತೆಗಳ’ ಸ್ವಾಯತ್ತತೆಯನ್ನೂ ಮಾನ್ಯ ಮಾಡುತ್ತದೆ. ಮೂವತ್ತು ವರ್ಷ ಈ ಏರ್ಪಾಡು ಚೆನ್ನಾಗಿಯೇ ನಡೆಯಿತು. ಸ್ವಾತಂತ್ರ್ಯ ಬೇಕೆನ್ನುವವರು 2006ರ ಸುಮಾರಿಗೆ ಶೇ 15ರ ಆಸುಪಾಸಿನಲ್ಲಿದ್ದರು, ಅಷ್ಟೆ.

ಆ ಹೊತ್ತಿನಲ್ಲಿ ಕ್ಯಾಟಲೋನಿಯಾ ಕೇಳಿದ್ದು ಸ್ವಾತಂತ್ರ್ಯವನ್ನಲ್ಲ. ಇನ್ನಷ್ಟು ಗಟ್ಟಿಯಾದ ಸ್ವಾಯತ್ತತಾ ಶಾಸನವನ್ನು. ಬಾರ್ಸಿಲೋನಾದ ಶಾಸನಸಭೆಯ 135 ಸದಸ್ಯರಲ್ಲಿ 120 ಮಂದಿ ಅದನ್ನು ಬೆಂಬಲಿಸಿದರು. ಮ್ಯಾಡ್ರಿಡ್ ಸಂಸತ್ತು ಅದರಿಂದ ಬಹಳಷ್ಟನ್ನು ತೆಗೆದು, ಉಳಿದದ್ದನ್ನು ಅಂಗೀಕರಿಸಿತು. 2006ರ ಜೂನ್ 18ರ ಜನಮತದಲ್ಲಿ ಮತ ಹಾಕಿದವರ ಪೈಕಿ ಸುಮಾರು ಶೇ 74 ಮಂದಿ ಹೂಂ ಎಂದರು. ಶಾಸನಸಭೆ, ಸಂಸತ್ತು, ಜನ ಮೂವರೂ ಒಪ್ಪಿದ ಮೇಲೆ ವಿಷಯ ಮುಗಿಯಬೇಕಿತ್ತು. ಆದರೆ ಆಗ ವಿರೋಧ ಪಕ್ಷದಲ್ಲಿದ್ದ ಪಾಪ್ಯುಲರ್ ಪಾರ್ಟಿ ದೇಶದುದ್ದಕ್ಕೂ ಅದರ ವಿರುದ್ಧ ಸಹಿ ಸಂಗ್ರಹಿಸಿ, ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. ನಾಲ್ಕು ವರ್ಷ ಎಳೆದಾಡಿದ ನ್ಯಾಯಾಲಯ 2010ರ ಜೂನ್ 28ರಂದು 14 ವಿಧಿಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಹೊಡೆದುಹಾಕಿ, ಇನ್ನೂ 27ಕ್ಕೆ ತನ್ನದೇ ಅರ್ಥ ಕಟ್ಟಿತು. ಕ್ಯಾಟಲೋನಿಯಾವನ್ನು ‘ರಾಷ್ಟ್ರ’ ಎಂದ ಪೀಠಿಕೆಯ ಮಾತಿಗೆ ಕಾನೂನಿನ ಬೆಲೆ ಇಲ್ಲ ಎಂದಿತು. ಆಡಳಿತದಲ್ಲಿ ಕ್ಯಾಟಲನ್ ಭಾಷೆಗೆ ಆದ್ಯತೆ ಎಂಬುದನ್ನು ತೆಗೆಯಿತು. ಬಾರ್ಸಿಲೋನಾದವರಿಗೆ ಇನ್ನೂ ಉರಿಯುವ ಸಂಗತಿ ಇನ್ನೊಂದಿದೆ: ದಕ್ಷಿಣದ ಆಂಡಲೂಸಿಯಾ ಪ್ರಾಂತದ ಶಾಸನದಲ್ಲೂ ಇಂಥವೇ ಕೆಲವು ವಿಧಿಗಳಿದ್ದವು, ಅವುಗಳನ್ನು ಪಾಪ್ಯುಲರ್ ಪಾರ್ಟಿ ಪ್ರಶ್ನಿಸಲೇ ಇಲ್ಲ.

ತೀರ್ಪಿಗೆ ಎರಡು ವಾರ ತುಂಬುವ ಮೊದಲೇ ಬಾರ್ಸಿಲೋನಾದ ಬೀದಿಗಳು ತುಂಬಿ ಹರಿದವು. 2013ರ ಹೊತ್ತಿಗೆ ಸ್ವಾತಂತ್ರ್ಯದ ಪರವಾಗಿದ್ದವರು ಶೇ 45 ದಾಟಿದ್ದರು. ಏಳೇ ವರ್ಷಗಳಲ್ಲಿ ಮೂರು ಪಟ್ಟು. ಯಾವ ಭಾಷಣವೂ ಈ ಕೆಲಸ ಮಾಡಲಾರದು. ‘ಕ್ರಮಬದ್ಧವಾಗಿ ಕೇಳಿದರೂ ಕೊಡುವುದಿಲ್ಲ’ ಎಂಬ ಅನುಭವ ಮಾತ್ರ ಇದನ್ನು ಮಾಡಬಲ್ಲದು.

ಬೆಂಕಿಗೆ ತುಪ್ಪ ಸುರಿದದ್ದು ತೆರಿಗೆಯ ವಿಚಾರ. ಇದನ್ನು ಕನ್ನಡಿಗರು ಸುಲಭವಾಗಿ ಅರ್ಥಮಾಡಿಕೊಳ್ಳಬಲ್ಲರು. ಬಾಸ್ಕ್ ಪ್ರಾಂತ ತನ್ನ ತೆರಿಗೆಯನ್ನು ತಾನೇ ಎತ್ತಿ, ಮ್ಯಾಡ್ರಿಡ್ಡಿಗೆ ಗೊತ್ತುಪಡಿಸಿದ ಪಾಲು ಕಟ್ಟುತ್ತದೆ. ಕ್ಯಾಟಲೋನಿಯಾಕ್ಕೆ ಆ ಸವಲತ್ತಿಲ್ಲ. ವರ್ಷಕ್ಕೆ ಸುಮಾರು 1,600 ಕೋಟಿ ಯೂರೊ ತಮ್ಮಿಂದ ಹೋಗಿ ವಾಪಸು ಬರುವುದಿಲ್ಲ ಎಂಬುದು ಬಾರ್ಸಿಲೋನಾದ ಲೆಕ್ಕ. ಮ್ಯಾಡ್ರಿಡ್ಡಿನ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. 2008ರ ಆರ್ಥಿಕ ಕುಸಿತದ ಬಳಿಕ ಆಸ್ಪತ್ರೆ, ಶಾಲೆಗಳ ಖರ್ಚಿಗೆ ಕತ್ತರಿ ಬಿದ್ದಾಗ ಈ ಲೆಕ್ಕ ಮನೆಮಾತಾಯಿತು. 2012ರ ಸೆಪ್ಟೆಂಬರಿನಲ್ಲಿ ಪ್ರಾಂತದ ಅಧ್ಯಕ್ಷ ಆರ್ಟುರ್ ಮಾಸ್ ಹೊಸ ತೆರಿಗೆ ಒಪ್ಪಂದ ಕೇಳಿಕೊಂಡು ಪ್ರಧಾನಿ ಮರಿಯಾನೊ ರಹೋಯ್ ಬಳಿಗೆ ಹೋದರು, ಬರಿಗೈಯಲ್ಲಿ ಬಂದರು.

ನಮ್ಮಲ್ಲಿ 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದ, ಕೇಂದ್ರ ಹಂಚುವ ತೆರಿಗೆಯಲ್ಲಿನ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರವರಿ 7ರಂದು ರಾಜ್ಯ ಸರ್ಕಾರವೇ ದೆಹಲಿಯ ಜಂತರ್ ಮಂತರ್‌ನಲ್ಲಿ ‘ನಮ್ಮ ತೆರಿಗೆ ನಮ್ಮ ಹಕ್ಕು’ ಎಂದು ಧರಣಿ ಕೂತಿತು. ಅದರ ಹಿಂದಿನ ವಾರವಷ್ಟೇ ಆಗಿನ ಸಂಸದ ಡಿ.ಕೆ. ಸುರೇಶ್ ಅವರ ಬಾಯಲ್ಲಿ ದಕ್ಷಿಣಕ್ಕೆ ಪ್ರತ್ಯೇಕ ದೇಶದ ಮಾತು ಬಂದು ದೊಡ್ಡ ಗದ್ದಲವಾಗಿತ್ತು. ಪಾಲು ಕಡಿಮೆಯಾದದ್ದು ನಿಜ, ಅದನ್ನು ಕೇಳುವುದು ನ್ಯಾಯ. ಆದರೆ ಈ ವಾದವನ್ನು ಕೊನೆಯವರೆಗೂ ಎಳೆದು ನೋಡಬೇಕು. ತಲಾ ಆದಾಯದಲ್ಲಿ ಬೆಂಗಳೂರು ನಗರದ ನಂತರ ನಿಲ್ಲುವುದು ನಮ್ಮ ದಕ್ಷಿಣ ಕನ್ನಡ. ಬೆಂಗಳೂರು ದೆಹಲಿಗೆ ಹೇಳಿದ್ದನ್ನೇ ಮಂಗಳೂರು ಬೆಂಗಳೂರಿಗೆ ಹೇಳಿದರೆ ಕಲಬುರಗಿ, ಯಾದಗಿರಿಯ ಶಾಲೆಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಕಲ್ಯಾಣ ಕರ್ನಾಟಕಕ್ಕೆ 371ಜೆ ವಿಧಿಯ ವಿಶೇಷ ಸ್ಥಾನ ಸಿಕ್ಕಿದ್ದು ಉಳಿದವರು ಬಿಟ್ಟುಕೊಟ್ಟದ್ದರಿಂದಲೇ. ಕ್ಯಾಟಲೋನಿಯಾದಲ್ಲಿ ಈ ಪ್ರಶ್ನೆ ಮನೆಯೊಳಗೇ ಇದೆ. 1950ರಿಂದ 70ರವರೆಗೆ ಆಂಡಲೂಸಿಯಾ, ಎಸ್ಟ್ರೆಮದೂರಾದ ಬಡ ಹಳ್ಳಿಗಳಿಂದ ರೈಲು ಹತ್ತಿ ಬಂದವರು ಬಾರ್ಸಿಲೋನಾದ ಕಾರ್ಖಾನೆಗಳನ್ನು ನಡೆಸಿದರು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಕ್ಯಾಟಲೋನಿಯಾದ ಪ್ರಜೆಗಳು. ‘ಸ್ಪೇನ್ ನಮ್ಮನ್ನು ದೋಚುತ್ತಿದೆ’ ಎಂಬ ಘೋಷಣೆ ಅವರ ಕಿವಿಯಲ್ಲಿ ‘ನಿನ್ನ ಅಜ್ಜಿಯ ಊರು ನಮ್ಮನ್ನು ದೋಚುತ್ತಿದೆ’ ಎಂದು ಕೇಳಿಸುತ್ತದೆ.

ಇನ್ನು 2017ರ ಅಕ್ಟೋಬರ್ 1. ಸ್ವಾತಂತ್ರ್ಯ ಬೇಕೇ ಬೇಡವೇ ಎಂದು ಕ್ಯಾಟಲೋನಿಯಾ ಸರ್ಕಾರ ಅಂದು ಕರೆದಿದ್ದ ಜನಮತವನ್ನು ನಡೆಸಬಾರದೆಂದು ನ್ಯಾಯಾಲಯ ತಡೆ ಕೊಟ್ಟಿತ್ತು. ಮತಪೆಟ್ಟಿಗೆ ಹುಡುಕಲು ಪೊಲೀಸರು ತಿಂಗಳಿಡೀ ತಡಕಾಡಿದರೂ ಒಂದೂ ಸಿಗಲಿಲ್ಲ. ಚೀನಾದಿಂದ ಬಂದ ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆಗಳು ಗಡಿಯಾಚೆ ಫ್ರಾನ್ಸಿನಲ್ಲಿ ದಾಸ್ತಾನಾಗಿದ್ದವು. ಸಾಮಾನ್ಯ ಜನ ತಂತಮ್ಮ ಕಾರಿನಲ್ಲಿ ಅವನ್ನು ತಂದು ಮನೆಗಳಲ್ಲಿ, ಚರ್ಚುಗಳಲ್ಲಿ ಬಚ್ಚಿಟ್ಟಿದ್ದರು. ಶಾಲೆಗಳಿಗೆ ಬೀಗ ಬೀಳಬಾರದೆಂದು ಅಪ್ಪ ಅಮ್ಮಂದಿರು ಶುಕ್ರವಾರ ಸಂಜೆಯೇ ಮಕ್ಕಳೊಂದಿಗೆ ಒಳಗೆ ಸೇರಿ, ಆಟ, ಅಡುಗೆ, ಹಾಡು ಎಂದು ಭಾನುವಾರ ಬೆಳಗಿನವರೆಗೆ ಅಲ್ಲೇ ಉಳಿದರು. ಬೇರೆ ಪ್ರಾಂತಗಳಿಂದ ಕರೆಸಿದ ಪೊಲೀಸರಲ್ಲಿ ಅನೇಕರು ಬಂದರಿನಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ತಂಗಿದ್ದರು. ಅಧ್ಯಕ್ಷ ಕಾರ್ಲೆಸ್ ಪುಗ್ಡೆಮೊಂಟ್ ಮತ ಹಾಕಬೇಕಿದ್ದ ಕ್ರೀಡಾಂಗಣದ ಗಾಜಿನ ಬಾಗಿಲನ್ನು ಪೊಲೀಸರು ಒಡೆದು ನುಗ್ಗಿದರು. ಪುಗ್ಡೆಮೊಂಟ್ ದಾರಿಯಲ್ಲಿ ಸೇತುವೆಯಡಿ ಕಾರು ಬದಲಿಸಿ ಇನ್ನೊಂದು ಹಳ್ಳಿಯಲ್ಲಿ ಮತ ಹಾಕಿದರು. ಮತಗಟ್ಟೆಯ ಮೆಟ್ಟಿಲಲ್ಲಿ ವೃದ್ಧರನ್ನು ಎಳೆದಾಡುವ, ಕೈ ಎತ್ತಿ ನಿಂತವರಿಗೆ ಹೊಡೆಯುವ ದೃಶ್ಯಗಳು ಸಂಜೆಯೊಳಗೆ ಜಗತ್ತನ್ನೆಲ್ಲ ಸುತ್ತಿದವು. ಮತದಾನ ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿಯಾಗಿತ್ತು, ಫಲಿತಾಂಶಕ್ಕೆ ಹೇಗೂ ಮಾನ್ಯತೆ ಇರಲಿಲ್ಲ. ಹಾಗಿದ್ದ ಮೇಲೆ ಮತ ಹಾಕಲು ಬಂದ ಅಜ್ಜಿಯ ಮೇಲೆ ಲಾಠಿ ಯಾಕೆ? ರಹೋಯ್ ಸರ್ಕಾರದ ಈ ಒಂದು ದಿನದ ನಡವಳಿಕೆಗೆ ನಾನು ಯಾವ ಸಮರ್ಥನೆಯನ್ನೂ ಕಾಣೆ.

ಹಾಗೆಂದು ಹೋರಾಟದ ನಾಯಕರು ಮಾಡಿದ್ದೆಲ್ಲ ಸರಿಯೇ? ಖಂಡಿತ ಅಲ್ಲ. ಅಂದು ಮತ ಹಾಕಿದ್ದು ಶೇ 43 ಮಂದಿ. ಅವರಲ್ಲಿ ಶೇ 90 ಮಂದಿ, ಅಂದರೆ 20 ಲಕ್ಷದಷ್ಟು ಜನ ಸ್ವಾತಂತ್ರ್ಯದ ಪರ. ವಿರೋಧಿಗಳು ಬಹುಪಾಲು ಮನೆಯಲ್ಲೇ ಉಳಿದಿದ್ದರು. ಸೆಪ್ಟೆಂಬರಿನಲ್ಲಿ ವಿರೋಧ ಪಕ್ಷಗಳ ಆಕ್ಷೇಪಣೆಯನ್ನು ಬದಿಗೊತ್ತಿ ಒಂದೆರಡು ದಿನಗಳಲ್ಲಿ ಜನಮತದ ಕಾನೂನುಗಳನ್ನು ಪಾಸು ಮಾಡಿದ್ದು, ಅಕ್ಟೋಬರ್ 27ರಂದು ವಿರೋಧ ಪಕ್ಷಗಳ ಬಹುಪಾಲು ಸದಸ್ಯರು ಹೊರನಡೆದಿದ್ದಾಗ 135ರಲ್ಲಿ 70 ಮತಗಳಿಂದ ಗಣರಾಜ್ಯ ಘೋಷಿಸಿದ್ದು, ಇವೆಲ್ಲ ಪ್ರಜಾಪ್ರಭುತ್ವದ ಹೆಸರಿನಲ್ಲಿ ಮಾಡಬಾರದ ಕೆಲಸಗಳು. ಹೊಸ ದೇಶಕ್ಕೆ ಯುರೋಪಿನ ಒಂದು ಸರ್ಕಾರವೂ ಮಾನ್ಯತೆ ಕೊಡಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. 1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿಗೆ ಬಂದು ಕಂಪನಿ ಸರ್ಕಾರದ ಬಾವುಟ ಇಳಿಸಿತು, ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿತು. ಬಾವುಟಗುಡ್ಡೆಯಲ್ಲಿ ಈಗ ಆ ದಂಗೆಯ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಹಿಡಿದವರನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ಆ ರೈತರಿಗೆ ಮತ ಹಾಕುವ ಹಕ್ಕಿರಲಿಲ್ಲ, ಕಂಪನಿಯ ಕಂದಾಯವನ್ನು ಪ್ರಶ್ನಿಸುವ ಸಭೆಯಿರಲಿಲ್ಲ, ದಂಗೆಯಲ್ಲದೆ ಬೇರೆ ದಾರಿಯಿರಲಿಲ್ಲ. ಕ್ಯಾಟಲೋನಿಯಾ ಅಂಥ ವಸಾಹತು ಅಲ್ಲ. ಅಲ್ಲಿನವರು ಸ್ಪೇನಿನ ಸಂಸತ್ತಿಗೆ ಆರಿಸಿ ಬರುತ್ತಾರೆ, ಮಂತ್ರಿಗಳಾಗುತ್ತಾರೆ, ಸರ್ಕಾರ ಉರುಳಿಸುತ್ತಾರೆ. ಹೀಗಿದ್ದಾಗ ಏಕಪಕ್ಷೀಯವಾಗಿ ಬೇರ್ಪಡುವ ಹಕ್ಕು ಇಲ್ಲ ಎಂದು ಕೆನಡಾದ ಸುಪ್ರೀಂ ಕೋರ್ಟ್ 1998ರಲ್ಲಿ ತನ್ನ ದೇಶದ ಕ್ವಿಬೆಕ್ ಪ್ರಾಂತದ ವಿಚಾರದಲ್ಲಿ ಹೇಳಿತ್ತು. ಅದೇ ತೀರ್ಪಿನ ಇನ್ನರ್ಧವನ್ನು ಮ್ಯಾಡ್ರಿಡ್ ಓದಲಿಲ್ಲ: ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಮಾತುಕತೆಗೆ ಕೂರಲೇಬೇಕು. 2014ರಲ್ಲಿ ಬ್ರಿಟನ್ ಸ್ಕಾಟ್ಲೆಂಡಿಗೆ ಒಪ್ಪಿಗೆಯಿಂದಲೇ ಜನಮತ ಕೊಟ್ಟಿತು. ಶೇ 55 ಮಂದಿ ಬೇಡ ಎಂದರು, ದೇಶ ಉಳಿಯಿತು.

ಘೋಷಣೆಯಾದ ದಿನವೇ ಮ್ಯಾಡ್ರಿಡ್ ಸಂವಿಧಾನದ 155ನೇ ವಿಧಿಯನ್ನು ಮೊದಲ ಬಾರಿಗೆ ಬಳಸಿ ಪ್ರಾಂತದ ಸರ್ಕಾರವನ್ನು ವಜಾ ಮಾಡಿತು. ನಮ್ಮ 356ನೇ ವಿಧಿಯ ಸೋದರ ಅದು. ನಮ್ಮಲ್ಲಿ ಅದು ನೂರಕ್ಕೂ ಹೆಚ್ಚು ಸಲ ಬಳಕೆಯಾಗಿದೆ, 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ಕಿತ್ತ ಪ್ರಕರಣದಿಂದಲೇ 1994ರ ತೀರ್ಪು ಬಂದು ಅದಕ್ಕೆ ಕಡಿವಾಣ ಬಿತ್ತು. ಪುಗ್ಡೆಮೊಂಟ್ ಬೆಲ್ಜಿಯಂಗೆ ಹೋದರು. ಉಪಾಧ್ಯಕ್ಷ ಒರಿಯೋಲ್ ಜುಂಕೆರಾಸ್ ಊರಲ್ಲೇ ಉಳಿದು ಜೈಲು ಸೇರಿದರು. 2019ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 13 ವರ್ಷ, ಇನ್ನೂ ಎಂಟು ಮಂದಿಗೆ 9ರಿಂದ 12 ವರ್ಷ ಶಿಕ್ಷೆ ವಿಧಿಸಿತು. ಅಪರಾಧ: ರಾಜದ್ರೋಹದ ದಂಗೆ. ಆ ವಾರ ಬಾರ್ಸಿಲೋನಾ ರಾತ್ರಿಯೆಲ್ಲ ಉರಿಯಿತು. ಚಳವಳಿ ಒಂದಿಂಚೂ ಕರಗಲಿಲ್ಲ.

ಕರಗಿದ್ದು ಆಮೇಲೆ. ಪ್ರಧಾನಿ ಪೆಡ್ರೊ ಸಾಂಚೆಜ್ 2021ರ ಜೂನಿನಲ್ಲಿ ಆ ಒಂಬತ್ತು ಮಂದಿಗೆ ಕ್ಷಮಾದಾನ ಕೊಟ್ಟರು. ಮರುವರ್ಷ ಅವರನ್ನು ಜೈಲಿಗಟ್ಟಿದ ಕಾನೂನನ್ನೇ ಸಂಸತ್ತು ತೆಗೆದುಹಾಕಿತು. 2024ರ ಮೇ 30ರಂದು 177–172 ಮತಗಳಿಂದ ಸಾರ್ವತ್ರಿಕ ಕ್ಷಮಾ ಕಾಯ್ದೆ ಅಂಗೀಕಾರವಾಯಿತು. ಇದರಲ್ಲಿ ಸಾಂಚೆಜ್ ಅವರ ಸ್ವಾರ್ಥ ಇಲ್ಲದಿಲ್ಲ: 2023ರ ಚುನಾವಣೆಯ ನಂತರ ಪುಗ್ಡೆಮೊಂಟ್ ಪಕ್ಷವಾದ ಜುಂಟ್ಸ್‌ನ ಏಳು ಸಂಸದರಿಲ್ಲದೆ ಅವರು ಪ್ರಧಾನಿಯಾಗುತ್ತಿರಲಿಲ್ಲ. ಉದ್ದೇಶ ಏನೇ ಇರಲಿ, ಪರಿಣಾಮ ಕಣ್ಣಮುಂದಿದೆ. 2024ರ ಮೇ ತಿಂಗಳ ಪ್ರಾಂತೀಯ ಚುನಾವಣೆಯಲ್ಲಿ ಸ್ವಾತಂತ್ರ್ಯವಾದಿ ಪಕ್ಷಗಳೆಲ್ಲ ಕೂಡಿದರೂ ಬಹುಮತ ಬರಲಿಲ್ಲ. ಆಗಸ್ಟಿನಲ್ಲಿ ಸಮಾಜವಾದಿ ಪಕ್ಷದ ಸಾಲ್ವಡೋರ್ ಇಲ್ಯಾ ಅಧ್ಯಕ್ಷರಾದರು. 2025ರ ಜನವರಿಯಲ್ಲಿ ಸಬಾಡೆಲ್ ಬ್ಯಾಂಕ್ ತನ್ನ ಕಚೇರಿಯನ್ನು ಮರಳಿ ಕ್ಯಾಟಲೋನಿಯಾಕ್ಕೆ ತಂದಿತು. ಅದೇ ವರ್ಷದ ಜೂನಿನಲ್ಲಿ ಸಂವಿಧಾನ ನ್ಯಾಯಾಲಯ ಕ್ಷಮಾ ಕಾಯ್ದೆಯ ಮುಖ್ಯ ಭಾಗವನ್ನು ಎತ್ತಿ ಹಿಡಿಯಿತು. ಆದರೆ ಸಾರ್ವಜನಿಕ ಹಣ ದುರ್ಬಳಕೆಯ ಆರೋಪಕ್ಕೆ ಅದು ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2024ರಲ್ಲೇ ಹಟ ಹಿಡಿದಿತ್ತು, ಪುಗ್ಡೆಮೊಂಟ್ ಪ್ರಕರಣ ಸಿಕ್ಕಿಕೊಂಡದ್ದು ಅಲ್ಲೇ.

ಭಾರತಕ್ಕೆ ಈ ಪಾಠ ಹೊಸದಲ್ಲ. 1966ರ ಮಾರ್ಚಿನಲ್ಲಿ ನಮ್ಮದೇ ವಾಯುಪಡೆ ಐಜ್ವಾಲ್ ಮೇಲೆ ಬಾಂಬು ಹಾಕಿತ್ತು. ಇಪ್ಪತ್ತು ವರ್ಷಗಳ ಬಳಿಕ, 1986ರ ಜೂನ್ 30ರಂದು ಮಿಜೋ ಒಪ್ಪಂದ ಆಯಿತು. ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯ ಕುರ್ಚಿಯಲ್ಲಿ ಕೂತರು. ಮಿಜೋರಾಂ ಅಂದಿನಿಂದ ಶಾಂತವಾಗಿದೆ. ದ್ರಾವಿಡನಾಡು ಬೇಕೆಂದಿದ್ದ ಡಿಎಂಕೆ 1963ರಲ್ಲಿ ಆ ಬೇಡಿಕೆ ಕೈಬಿಟ್ಟಿತು. ಪ್ರತ್ಯೇಕ ದೇಶದ ಬೇಡಿಕೆಗೆ ಸಂವಿಧಾನದ 16ನೇ ತಿದ್ದುಪಡಿ ಹಾಕಿದ ನಿರ್ಬಂಧ ಒಂದು ಕಾರಣ. ನಾಲ್ಕೇ ವರ್ಷದಲ್ಲಿ ಅದೇ ಪಕ್ಷಕ್ಕೆ ಮತಪೆಟ್ಟಿಗೆಯ ಮೂಲಕ ಮದರಾಸಿನ ಅಧಿಕಾರ ಸಿಗುವಂತಿತ್ತು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಇಷ್ಟೆಲ್ಲ ಗೊತ್ತಿರುವ ದೇಶ 2025ರ ಸೆಪ್ಟೆಂಬರಿನಲ್ಲಿ ಲಡಾಖಿನಲ್ಲಿ ನಡೆದುಕೊಂಡ ರೀತಿ ನನಗೆ ನೋವು ಕೊಟ್ಟಿದೆ. ಅಲ್ಲಿನವರು ಕೇಳಿದ್ದು ಪ್ರತ್ಯೇಕ ದೇಶವನ್ನಲ್ಲ, ರಾಜ್ಯದ ಸ್ಥಾನಮಾನ ಮತ್ತು ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತತೆ ಕೊಡುವ ಸಂವಿಧಾನದ ಆರನೇ ಪರಿಚ್ಛೇದದ ರಕ್ಷಣೆ. ಲೇಹ್‌ನಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿತು, ನಾಲ್ವರು ಸತ್ತರು. ಉಪವಾಸ ಕೂತಿದ್ದ ಸೋನಮ್ ವಾಂಗ್‌ಚುಕ್ ಅವರನ್ನು ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿಸಿ ಜೋಧಪುರಕ್ಕೆ ಒಯ್ದರು.

ನಮ್ಮ ಕರಾವಳಿಯ ಬೇಡಿಕೆ ಇವುಗಳಿಗೆ ಹೋಲಿಸಿದರೆ ಎಷ್ಟೋ ಸೌಮ್ಯ. ತುಳುನಾಡು ರಾಜ್ಯದ ಕೂಗು ಆಗಾಗ ಕೇಳುತ್ತದೆ, ಆದರೆ ಜನರ ನಿಜವಾದ ಆಸೆ ತುಳು ಭಾಷೆ ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಬೇಕು ಎಂಬುದು. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18,46,427. ಆ ಪಟ್ಟಿಯಲ್ಲಿ ಈಗಾಗಲೇ ಇರುವ ಮಣಿಪುರಿ, ಬೋಡೊ ಭಾಷಿಕರ ಸಂಖ್ಯೆ ಇದಕ್ಕಿಂತ ಕಡಿಮೆ. ನಮ್ಮ ನೆರೆಮನೆಯ ಕೊಂಕಣಿ 1992ರಲ್ಲೇ ಸೇರಿತು. ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ಗೃಹ ಸಚಿವಾಲಯದ ಉತ್ತರ ಒಂದೇ: ಸೇರಿಸಲು ಖಚಿತ ಮಾನದಂಡವಿಲ್ಲ, 1996ರ ಪಾಹ್ವಾ ಸಮಿತಿ, 2003ರ ಸೀತಾಕಾಂತ ಮಹಾಪಾತ್ರ ಸಮಿತಿಗಳಿಂದಲೂ ಅದು ಇತ್ಯರ್ಥವಾಗಲಿಲ್ಲ, ಕಾಲಮಿತಿ ಹೇಳಲಾಗದು. ಮಾನದಂಡವೇ ಇಲ್ಲದ ಪರೀಕ್ಷೆಯಲ್ಲಿ ಪಾಸಾಗುವುದು ಹೇಗೆ? ಇತ್ತ ದಕ್ಷಿಣ ಕನ್ನಡ, ಉಡುಪಿಯ ಹೈಸ್ಕೂಲು ಮಕ್ಕಳು ತುಳುವನ್ನು ಮೂರನೇ ಭಾಷೆಯಾಗಿ ಆರಿಸಿಕೊಂಡು ಎಸ್ಸೆಸ್ಸೆಲ್ಸಿ ಬರೆಯುತ್ತಿದ್ದಾರೆ. ತುಳುವಿಗೆ ಸ್ಥಾನ ಸಿಕ್ಕರೆ ಕನ್ನಡಕ್ಕೆ ನಷ್ಟ ಎಂಬ ಭಯವೂ ಅರ್ಥವಿಲ್ಲದ್ದು. ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂದು ಬದುಕಿಡೀ ಹೋರಾಡಿದ ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಬರೆದರು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡಿ, ಕನ್ನಡದಲ್ಲಿ ಓದಿ ಬರೆಯುವವರೇ ಈ ಎರಡು ಜಿಲ್ಲೆಗಳಲ್ಲಿ ಹೆಚ್ಚು.

ಕ್ಯಾಟಲನ್ ಭಾಷೆಯ ಸ್ಥಿತಿ ಇನ್ನೊಂದು ಬಗೆಯದು. ಅದಕ್ಕೆ ಶಾಲೆ ಇದೆ, ಟಿವಿ ಇದೆ, 2023ರ ಸೆಪ್ಟೆಂಬರಿನಿಂದ ಮ್ಯಾಡ್ರಿಡ್ ಸಂಸತ್ತಿನಲ್ಲೂ ಅದರಲ್ಲಿ ಮಾತಾಡಬಹುದು. ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಯಾಗಿಸಲು ಸ್ಪೇನ್ ಸರ್ಕಾರವೇ ಅರ್ಜಿ ಹಾಕಿದೆ, ಖರ್ಚನ್ನೂ ತಾನೇ ಹೊರುತ್ತೇನೆಂದಿದೆ. 27 ದೇಶಗಳೂ ಒಪ್ಪಬೇಕಾದ್ದರಿಂದ ಅದು ಮುಂದೂಡಿಕೆಯಲ್ಲೇ ಇದೆ. ಇಷ್ಟಿದ್ದರೂ ದಿನನಿತ್ಯ ಅದನ್ನೇ ಹೆಚ್ಚಾಗಿ ಆಡುವವರು 2003ರಲ್ಲಿ ಶೇ 46 ಇದ್ದವರು 2023ರ ಸಮೀಕ್ಷೆಯಲ್ಲಿ ಶೇ 32.6ಕ್ಕೆ ಇಳಿದಿದ್ದಾರೆ. ದಕ್ಷಿಣ ಅಮೆರಿಕದಿಂದ ಬಂದವರು ಸ್ಪ್ಯಾನಿಷ್ ಆಡುತ್ತಾರೆ, ಮೊರಾಕ್ಕೊದಿಂದ, ದಕ್ಷಿಣ ಏಷ್ಯಾದಿಂದ ಬಂದವರೂ ಮೊದಲು ಕಲಿಯುವುದು ಅದನ್ನೇ.

ಈ ಅಂಕಿಯ ಸುತ್ತ ಈಗ ಬೇರೆಯದೇ ರಾಜಕಾರಣ ಬೆಳೆಯುತ್ತಿದೆ. ಪಿರಿನೀಸ್ ತಪ್ಪಲಿನ ರಿಪೋಲ್ ಎಂಬ ಸಣ್ಣ ಪಟ್ಟಣದ ಮೇಯರ್ ಸಿಲ್ವಿಯಾ ಒರಿಯೋಲ್ಸ್ ಕಟ್ಟಿದ ಅಲಿಯಾನ್ಸಾ ಕ್ಯಾಟಲಾನಾ ಪಕ್ಷ ಸ್ವಾತಂತ್ರ್ಯವನ್ನೂ ಕೇಳುತ್ತದೆ, ಮುಸ್ಲಿಂ ವಲಸಿಗರನ್ನೂ ಹೊರಗಟ್ಟಬೇಕೆನ್ನುತ್ತದೆ. 2017ರ ಆಗಸ್ಟಿನಲ್ಲಿ ಬಾರ್ಸಿಲೋನಾದಲ್ಲಿ ವ್ಯಾನು ಹರಿಸಿ ಜನರನ್ನು ಕೊಂದ ಯುವಕರಲ್ಲಿ ಹೆಚ್ಚಿನವರು ಬೆಳೆದದ್ದು ಇದೇ ರಿಪೋಲಿನಲ್ಲಿ. 2024ರಲ್ಲಿ ಈ ಪಕ್ಷಕ್ಕೆ ಸಿಕ್ಕಿದ್ದು ಎರಡು ಸ್ಥಾನ. ತನ್ನ ಹಳೆಯ ಮತದಾರರು ಆ ಕಡೆ ಜಾರುತ್ತಾರೆಂಬ ಹೆದರಿಕೆ ಜುಂಟ್ಸ್‌ಗೆ ಇದೆ, 2025ರ ಅಕ್ಟೋಬರಿನಲ್ಲಿ ಅದು ಸಾಂಚೆಜ್ ಜೊತೆಗಿನ ಒಪ್ಪಂದ ಮುರಿದುಕೊಂಡದ್ದರಲ್ಲಿ ಈ ಹೆದರಿಕೆಯ ಪಾಲೂ ಇದೆ. ಮ್ಯಾಡ್ರಿಡ್ ಮೇಲಿದ್ದ ಸಿಟ್ಟು ಪಕ್ಕದ ಬೀದಿಯ ವಲಸಿಗನ ಮೇಲೆ ತಿರುಗಿದರೆ ಅದನ್ನು ಇಳಿಸಲು ಯಾವ ಕ್ಷಮಾ ಕಾಯ್ದೆಯೂ ನೆರವಿಗೆ ಬರುವುದಿಲ್ಲ. ಕೋಮು ಸಿಟ್ಟನ್ನು ಕಂಡ ಸುರತ್ಕಲ್, ಉಳ್ಳಾಲಗಳಲ್ಲಿ ಬದುಕುವ ನಮಗೆ ಅದು ಹೇಗಿರುತ್ತದೆಂದು ಗೊತ್ತು. ಪ್ರಾಂತದ ಮುಂದಿನ ಚುನಾವಣೆ 2028ರೊಳಗೆ ನಡೆಯಬೇಕು, ಕ್ಯಾಟಲೋನಿಯಾ ಕೇಳಿದ ತೆರಿಗೆ ವ್ಯವಸ್ಥೆಯ ಬಗ್ಗೆ ಇಲ್ಯಾ ಸರ್ಕಾರಕ್ಕೆ ಮ್ಯಾಡ್ರಿಡ್ ಕೊಟ್ಟ ಮಾತು ಕಾರ್ಯರೂಪಕ್ಕೆ ಬರಬೇಕಾದದ್ದು ಅದಕ್ಕೂ ಮೊದಲು.